ಮಗಳ ಪರೀಕ್ಷೆಗೂ ಸಂಘದ ಸಾಲ ಸಿಗಲಿ

ಇತ್ತೀಚೆಗೆ ಐಹೊಳೆ ಸಮೀಪದ ಒಂದು ಹಳ್ಳಿಯಲ್ಲಿ ಸಂಘದ ವಾರದ ಸಭೆಗೆ ಹೋಗಿದ್ದೆ. ಸಾಲದ ಪುಸ್ತಕ ತಿರುವಿ ನೋಡಿದೆ. ಎಮ್ಮೆಗೆ, ಹೊಲಿಗೆ ಯಂತ್ರಕ್ಕೆ, ಬೀಜ-ಗೊಬ್ಬರಕ್ಕೆ ಸಾಲ ಕೊಟ್ಟಿದ್ದರು. ಎಲ್ಲಕ್ಕಿಂತ ದೊಡ್ಡ ಮೊತ್ತಗಳ ಎದುರು ‘ಮಗಳ ಲಗ್ನ’ ಎಂದಿತ್ತು. ಮಗಳ ಪರೀಕ್ಷೆಗೆಂದು ಪಡೆದ ಸಾಲ ಒಂದೂ ಇರಲಿಲ್ಲ. ಯಾಕೆಂದು ಕೇಳಿದೆ. “ಅದಕ್ಕೂ ಸಾಲ ಕೊಡತಾರೇನ್ರಿ ಅಕ್ಕೋರ?” ಎಂದು ಒಬ್ಬ ತಾಯಿ ನನ್ನನ್ನೇ ಕೇಳಿದರು. ಈ ಪ್ರಶ್ನೆಯನ್ನು ನಾವೆಲ್ಲ ಕೂಡಿ ಯೋಚಿಸಬೇಕಾಗಿದೆ.

ಸರ್ಕಾರಿ ನೌಕರಿಯ ಬೆಲೆ ನಮಗೆ ತಿಳಿಯದೇ ಇಲ್ಲ. “ಹುಡುಗಗ ನೌಕರಿ ಐತಿ” ಎಂಬ ಒಂದು ಮಾತಿಗೆ ವರದಕ್ಷಿಣೆ ಎಷ್ಟು ಏರುತ್ತದೆ ಎಂಬುದು ಹೆಣ್ಣು ಹೆತ್ತವರೆಲ್ಲರಿಗೂ ಗೊತ್ತು. 2021ರ ಅಕ್ಟೋಬರಿನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ನಡೆದ ಪರೀಕ್ಷೆಯಲ್ಲಿ ಅಕ್ರಮ ಬಯಲಾಗಿ, 2022ರಲ್ಲಿ ಅದು ರದ್ದಾಯಿತು. ಲಂಚ ಕೊಟ್ಟು ಮಗನಿಗೆ ನೌಕರಿ ಕೊಡಿಸುವ ಮನೆಯವರು ಆ ಹಣವನ್ನು ಎಲ್ಲಿಂದ ವಸೂಲು ಮಾಡುತ್ತಾರೆ? ಬೀಗರ ಮನೆಯಿಂದಲೇ ಅಲ್ಲವೇ? ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ 1961ರ ಕಾಯ್ದೆಯ ಪ್ರಕಾರ ಅಪರಾಧ. ಸರ್ಕಾರಿ ನೌಕರರ ನಡತೆ ನಿಯಮಗಳಲ್ಲಿಯೂ ನಿಷಿದ್ಧ. ಹೀಗಿದ್ದೂ ಆ ನೌಕರಿಯನ್ನೇ ತೋರಿಸಿ ದುಡ್ಡು ಕೇಳುತ್ತಾರೆ, ನಾವು ಸಾಲ ಮಾಡಿ ಕೊಡುತ್ತೇವೆ. ಅಳಿಯನ ನೌಕರಿಗೆ ಇಷ್ಟು ಸುರಿಯುವ ನಾವು ಮಗಳ ನೌಕರಿಗೆ ಎಷ್ಟು ಖರ್ಚು ಮಾಡಿದ್ದೇವೆ?

ನನ್ನ ವಿದ್ಯಾರ್ಥಿನಿಯೊಬ್ಬಳ ಮಾತು ಹೇಳುತ್ತೇನೆ. ತಾಯಿ ಇಳಕಲ್ಲಿನ ಮಗ್ಗದ ಮನೆಯೊಂದರಲ್ಲಿ ನೂಲು ಸುತ್ತಿ ಓದಿಸಿದ್ದಳು. ಹುಡುಗಿ ಬಿ.ಎ. ಮುಗಿಸಿದ ವರ್ಷವೇ ಲಗ್ನವಾಯಿತು. ಮುಂದೆ ಅರ್ಜಿ ಹಾಕಬೇಕೆಂದಾಗ ಅಂಕಪಟ್ಟಿಗಳು ಅತ್ತೆಯ ಟ್ರಂಕಿನಲ್ಲಿದ್ದವು. “ನೌಕರಿ ಮಾಡೂ ಸೊಸಿ ನಮಗ ಬ್ಯಾಡ” ಎಂದು ಕೀಲಿ ಕೊಡಲಿಲ್ಲ. ಕೊನೆಯ ದಿನಾಂಕ ದಾಟಿತು. ಅವಳ ಮೈಮೇಲೆ ಬಾಸುಂಡೆ ಇರಲಿಲ್ಲವಾದ್ದರಿಂದ ಅದನ್ನು ಯಾರೂ ದೌರ್ಜನ್ಯ ಎನ್ನಲಿಲ್ಲ. ಆದರೆ ಹೆಣ್ಣುಮಗಳು ಕೆಲಸಕ್ಕೆ ಸೇರದಂತೆ ತಡೆಯುವುದನ್ನೂ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ನಿಯಮಗಳು ದೌರ್ಜನ್ಯದ ಪಟ್ಟಿಯಲ್ಲಿ ಸೇರಿಸಿವೆ. ಇಂಥ ದೂರನ್ನು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಬಳಿ ಒಯ್ಯಬಹುದು. 181ಕ್ಕೆ ಫೋನು ಮಾಡಬಹುದು.

ಅರ್ಜಿ ಹಾಕುವುದು ನಮ್ಮಂಥವರಿಗಲ್ಲ ಎಂಬ ಅಂಜಿಕೆಯನ್ನು ಮೊದಲು ಬಿಡಬೇಕು. 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿಯ 1,000 ಹುದ್ದೆಗಳಿಗೆ ಅರ್ಜಿ ಕರೆದಾಗ ಪಿಯುಸಿ ಪಾಸಾಗಿದ್ದರೆ ಸಾಕಿತ್ತು. ರಾಜ್ಯದ ನೇಮಕಾತಿಯಲ್ಲಿ ಮಹಿಳೆಯರಿಗೆ ಮೀಸಲಾತಿ ಇದೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ, ಕನ್ನಡದಲ್ಲಿ ಓದಿದವರಿಗೆ ಕನ್ನಡ ಮಾಧ್ಯಮದ ಮೀಸಲಾತಿ ಬೇರೆ. ಆಲಮಟ್ಟಿ ಹಿನ್ನೀರಿಗೆ ಮನೆ-ಹೊಲ ಕಳೆದುಕೊಂಡ ಕುಟುಂಬಗಳು ನಮ್ಮ ಜಿಲ್ಲೆಯಲ್ಲಿ ಎಷ್ಟಿಲ್ಲ! ಗ್ರೂಪ್ ‘ಸಿ’ ಮತ್ತು ‘ಡಿ’ ಹುದ್ದೆಗಳಲ್ಲಿ ಯೋಜನಾ ನಿರಾಶ್ರಿತರಿಗೂ ಪಾಲಿದೆ. ವಿಧವೆಯರಿಗೆ ಗರಿಷ್ಠ ವಯಸ್ಸಿನಲ್ಲಿ 10 ವರ್ಷ ಸಡಿಲಿಕೆ ಇದೆ. ಗಂಡ ತೀರಿಕೊಂಡ ಮೇಲೆ ಮೂಲೆ ಹಿಡಿದು ಕುಳಿತ ತಂಗಿಗೆ ಈ ಸುದ್ದಿ ಮುಟ್ಟಿಸುವವರು ಯಾರು? ನಾವೇ.

ಇವೆಲ್ಲ ಸಿಗುವುದು ಕಾಗದ ಇದ್ದವರಿಗೆ ಮಾತ್ರ. ಅರ್ಜಿಯ ಕೊನೆಯ ದಿನ ಬಂದ ಮೇಲೆ ನಾಡಕಚೇರಿಗೆ ಓಡಿದರೆ ಆಗದು. ಜಾತಿ-ಆದಾಯ ಪ್ರಮಾಣಪತ್ರ, ಮುಖ್ಯೋಪಾಧ್ಯಾಯರು ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿಯಿರುವ ಗ್ರಾಮೀಣ ಪ್ರಮಾಣಪತ್ರ, ಕನ್ನಡ ಮಾಧ್ಯಮದ ಪ್ರಮಾಣಪತ್ರ ಇವನ್ನು ಓದು ಮುಗಿಯುತ್ತಲೇ ಮಾಡಿಸಿಡಬೇಕು. ಲಗ್ನವಾದ ಮೇಲೆ ಹೆಸರು ಬದಲಿಸುವ ಅವಸರ ಬೇಡ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರೇ ಎಲ್ಲ ಕಾಗದಗಳಲ್ಲೂ ಇರಲಿ. ಹಳ್ಳಿಯ ಗ್ರಂಥಾಲಯ ಈಗ ‘ಅರಿವು ಕೇಂದ್ರ’ವಾಗಿದೆ. ಅಲ್ಲಿ ಗಂಡುಹುಡುಗರಷ್ಟೇ ಪತ್ರಿಕೆ ಓದಿದರೆ ಸಾಲದು, ನಮ್ಮ ಹುಡುಗಿಯರೂ ಕುಳಿತು ನೇಮಕಾತಿಯ ಪ್ರಕಟಣೆ ಓದಲಿ. ಪರೀಕ್ಷೆಗೆ ಬಾಗಲಕೋಟೆಗೋ ವಿಜಯಪುರಕ್ಕೋ ಹೋಗಬೇಕೆ? 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟಿನ ದುಡ್ಡು ಇಲ್ಲ.

ನೌಕರಿ ಸಿಗುವತನಕ ಹುಡುಗಿ ಏನು ಮಾಡಬೇಕು ಎಂಬುದೇ ತಾಯಂದಿರ ಚಿಂತೆ. ಆ ಒಂದೆರಡು ವರ್ಷಗಳಲ್ಲಿಯೇ ಅವಸರದ ಲಗ್ನಗಳಾಗುವುದು. 2024ರ ಜನವರಿಯಲ್ಲಿ ಆರಂಭವಾದ ಯುವನಿಧಿಯಲ್ಲಿ, ಪದವಿ ಮುಗಿದು ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500 ರೂಪಾಯಿ ಎರಡು ವರ್ಷದ ಮಟ್ಟಿಗೆ ಎಂದು ಗೊತ್ತುಮಾಡಿದರು. ಅದೇ ವರ್ಷ ಕೇಂದ್ರ ಸರ್ಕಾರ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ತಂದಿತು. 21ರಿಂದ 24 ವಯಸ್ಸಿನವರು ದೊಡ್ಡ ಕಂಪನಿಗಳಲ್ಲಿ ಒಂದು ವರ್ಷ ಕೆಲಸ ಕಲಿಯುವುದು, ತಿಂಗಳಿಗೆ 5,000 ರೂಪಾಯಿ ಪಡೆಯುವುದು ಎಂಬುದು ಆರಂಭದ ನಿಯಮ. ನಿಯಮಗಳು ಬದಲಾಗುತ್ತಿರುತ್ತವೆ, ಅರ್ಜಿಗೆ ಮುನ್ನ ವಿಚಾರಿಸಿಕೊಳ್ಳಿ. ಇದು ಕಾಯಂ ನೌಕರಿಯಲ್ಲ ಎಂಬುದೂ ನೆನಪಿರಲಿ. “ಇಷ್ಟು ಕೊಡ್ರಿ, ನೌಕರಿ ಮಾಡಸ್ತೀನಿ” ಎಂದು ಬರುವವನಿಗೆ ಒಂದು ಪೈಸೆಯನ್ನೂ ಕೊಡಬೇಡಿ.

ನೌಕರಿ ಬಂದರೆ ಹಿಂಸೆಯೆಲ್ಲ ನಿಂತುಹೋಗುತ್ತದೆ ಎಂದು ನಾನು ಹೇಳಲಾರೆ. ಸಂಬಳ ಬಂದ ದಿನವೇ ಗಂಡನ ಕೈಗೆ ಎಣಿಸಿ ಕೊಡುವ ಶಿಕ್ಷಕಿಯರನ್ನು ಕಂಡಿದ್ದೇನೆ. ಆದರೂ ತನ್ನ ಹೆಸರಿನ ಸಂಬಳ ಇರುವ ಹೆಣ್ಣು ಬೇಕಾದರೆ ಹೊಸ್ತಿಲು ದಾಟಿ ಬರಬಲ್ಲಳು. ತವರಿನವರು ವರದಕ್ಷಿಣೆಯಾಗಿ ಕೊಟ್ಟ ಹಣ ಅವಳಿಗೆ ಆ ಬಲ ಕೊಡಲಾರದು.

ಆದ್ದರಿಂದ ಅಕ್ಕತಂಗಿಯರೇ, ಮುಂದಿನ ಸಭೆಯಲ್ಲಿ ಮೂರು ಠರಾವು ಮಾಡಿರಿ. ಮಗಳ ಅರ್ಜಿ, ಪುಸ್ತಕ, ತರಬೇತಿಗೆ ಸಂಘದಿಂದ ಕಡಿಮೆ ಬಡ್ಡಿಯ ಸಾಲ ಕೊಡಬೇಕು. ಪ್ರತಿ ಹುಡುಗಿಯ ಕಾಗದಗಳ ಒಂದೊಂದು ಪ್ರತಿ ಸಂಘದ ಪೆಟ್ಟಿಗೆಯಲ್ಲಿರಬೇಕು. ವರದಕ್ಷಿಣೆಗೆಂದು ಸಾಲ ಕೇಳಿದರೆ ಕೊಡಬಾರದು. ಮೂರನೆಯದು ಕಠಿಣವೆಂದು ಬಲ್ಲೆ. ಮೊದಲೆರಡನ್ನು ಈ ವಾರವೇ ಆರಂಭಿಸಬಹುದಲ್ಲವೇ?