ಅಕ್ವೇರಿಯಂಗೆ ಕಲ್ಲು, ಕಟ್ಟಿಗೆ ಹಾಕುವ ಮುನ್ನ

ಹಿತ್ತಿಲಿನ ಪೇರಳೆ ಮರದ ಕೊಂಬೆಯೊಂದು ಗಾಳಿಗೆ ಮುರಿದು ಬಿದ್ದಿತ್ತು. "ಉಮ್ಮಾ, ಇದನ್ನು ಮೀನಿನ ತೊಟ್ಟಿಯಲ್ಲಿ ಇಡೋಣ" ಎಂದಳು ಮಗಳು. ತೊಳೆದು ಇಟ್ಟುಬಿಟ್ಟೆ. ಕೆಲವೇ ದಿನಗಳಲ್ಲಿ ನೀರು ಮಬ್ಬಾಯಿತು, ವಾಸನೆ ಬಂತು. ಮೀನುಗಳು ಮೇಲೆ ಬಂದು ಬಾಯಿ ತೆರೆಯತೊಡಗಿದವು. ಮರುದಿನ ಬೆಳಿಗ್ಗೆ ಎರಡು ಗೋಲ್ಡ್ ಫಿಶ್ ಸತ್ತಿದ್ದವು. ಮಗಳು ಅಂದು ತಿಂಡಿ ಮುಟ್ಟಲಿಲ್ಲ.

ತಪ್ಪು ಮರದ್ದಲ್ಲ, ನನ್ನದು. ಹಸಿ ಕಟ್ಟಿಗೆ ನೀರಿನಲ್ಲಿ ಕೊಳೆಯುತ್ತದೆ. ಅದನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ನೀರಿನಲ್ಲಿರುವ ಆಮ್ಲಜನಕವನ್ನು ಬಳಸಿಕೊಳ್ಳುವುದರಿಂದ ಮೀನುಗಳಿಗೆ ಉಸಿರು ಕಟ್ಟುತ್ತದೆ. ಪೇರಳೆ ಕೊಂಬೆಯನ್ನು ಹಾಕಬಹುದು. ಆದರೆ ಅದು ತಿಂಗಳುಗಟ್ಟಲೆ ಒಣಗಿರಬೇಕು, ತೊಗಟೆ ಪೂರ್ತಿ ಕಳಚಿರಬೇಕು. ಕಣಗಿಲೆಯಂಥ ವಿಷದ ಗಿಡ, ಹಾಲು ಅಥವಾ ಅಂಟು ಒಸರುವ ಮರ, ವಾರ್ನಿಷ್ ಇಲ್ಲವೇ ಗೆದ್ದಲಿನ ಔಷಧಿ ತಾಗಿದ ಹಲಗೆ ಬೇಡವೇ ಬೇಡ.

ಒಣಗಿದ ಕೊಂಬೆಯನ್ನು ಹಳೆಯ ಪಾತ್ರೆಯಲ್ಲಿ ಒಂದೆರಡು ಗಂಟೆ ಕುದಿಸಿ, ಆಮೇಲೆ ಬಕೆಟಿನಲ್ಲಿ ಎರಡು ಮೂರು ವಾರ ನೆನೆಹಾಕಿ, ನೀರು ಬದಲಾಯಿಸುತ್ತಿರಿ. ನೀರು ಚಹಾದ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ. ಅದು ಮರದ ಒಗರು, ಮೀನಿಗೆ ಹಾನಿಯಿಲ್ಲ.

ಇನ್ನು ಕಲ್ಲು. ಗ್ರಾನೈಟ್ ಒಳ್ಳೆಯದು. ನಮ್ಮ ಕರಾವಳಿಯ ಮುರಕಲ್ಲಿನಿಂದ ಪುಡಿ ಉದುರಿ ನೀರು ಕೆಂಪಗಾಗುತ್ತದೆ. ಸುಣ್ಣದ ಕಲ್ಲು ಮತ್ತು ಚಿಪ್ಪು ನಿಧಾನವಾಗಿ ಕರಗಿ ನೀರನ್ನು ಗಡಸಾಗಿಸುತ್ತವೆ. ಗಪ್ಪಿ, ಮೋಲಿ ಮೀನುಗಳು ಗಡಸು ನೀರನ್ನು ಸಹಿಸಿಕೊಳ್ಳುತ್ತವೆ. ಮೃದು ನೀರಿನ ನಿಯಾನ್ ಟೆಟ್ರಾಗಳಿಗೆ ಅದು ಹಿಡಿಸುವುದಿಲ್ಲ. ಪರೀಕ್ಷೆ ಅಡುಗೆ ಮನೆಯಲ್ಲೇ ಇದೆ: ಒಣ ಕಲ್ಲನ್ನು ಸ್ವಲ್ಪ ಕೆರೆದು, ಅಲ್ಲಿ ವಿನೆಗರ್ ಹಾಕಿ. ನೊರೆ ಗುಳ್ಳೆ ಎದ್ದರೆ ಅದರಲ್ಲಿ ಸುಣ್ಣವಿದೆ. ಗುಳ್ಳೆ ಬಾರದಿದ್ದರೂ ಲೋಹದಂತೆ ಹೊಳೆಯುವ, ತುಕ್ಕು ಹಿಡಿದ ಗೆರೆಗಳಿರುವ ಕಲ್ಲನ್ನು ಬಿಟ್ಟುಬಿಡಿ.

ಕಲ್ಲನ್ನು ಮಾತ್ರ ಕುದಿಸಬೇಡಿ. ಒಳಗೆ ಸಿಕ್ಕಿಕೊಂಡ ನೀರು ಆವಿಯಾಗಿ ಕಲ್ಲು ಸಿಡಿಯಬಹುದು, ಪಕ್ಕದಲ್ಲಿ ಮಕ್ಕಳಿದ್ದರಂತೂ ಅಪಾಯ. ಬ್ರಷ್ಷಿನಿಂದ ಉಜ್ಜಿ ತೊಳೆದರೆ ಸಾಕು, ಸಾಬೂನು ಬೇಡ.

ಸಮುದ್ರ ತೀರಕ್ಕೆ ಹೋದಾಗ ಹವಳದ ತುಂಡು ಕಂಡರೆ ಮಕ್ಕಳು ಆಸೆಪಡುತ್ತಾರೆ. ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಮನೆಗೆ ತರಬೇಡಿ.

ದೊಡ್ಡ ಕಲ್ಲನ್ನು ಮರಳಿನ ಮೇಲಿಡದೆ ಮೊದಲೇ ತಳದಲ್ಲಿ ಭದ್ರವಾಗಿ ಕೂರಿಸಿ, ನಂತರ ಮರಳು ಸುರಿಯಿರಿ. ಮೀನು ಮರಳು ಕೆದಕಿದರೆ ಕಲ್ಲು ಉರುಳಿ ಗಾಜು ಒಡೆದೀತು.

ನಮ್ಮ ತೊಟ್ಟಿಯಲ್ಲೀಗ ಒಂದು ಗ್ರಾನೈಟ್ ಕಲ್ಲು, ಚೆನ್ನಾಗಿ ಕೆರೆದು ಕುದಿಸಿದ ಅರ್ಧ ತೆಂಗಿನ ಗೆರಟೆ ಇವೆ. ಪೇರಳೆ ಕೊಂಬೆ ಇನ್ನೂ ಮಾಡಿನಡಿ ಒಣಗುತ್ತಿದೆ. ಮಗಳು ವಾರಕ್ಕೊಮ್ಮೆ ಅದನ್ನು ಉಗುರಿನಿಂದ ಕೆರೆದು ನೋಡುತ್ತಾಳೆ.