ಕೆಲಸದಿಂದ ಬಂದ ತಾಯಿಯ ಹಾಲು ಹಳಸಿರುತ್ತದೆಯೇ?

ಕೂಸು ಹುಬ್ಬಳ್ಳಿಯಲ್ಲಿ, ಕೆಲಸ ಧಾರವಾಡದಲ್ಲಿ. ಸಂಜೆ ಚಿಗರಿ ಬಸ್ ಇಳಿದು ಬಂದವಳಿಗೆ ಮನೆಯ ಹಿರಿಯರು ಹೇಳುವುದುಂಟು: “ಮುಂಜಾನೆಯಿಂದ ನಿಂತ ಹಾಲು, ಹಿಂಡಿ ಚೆಲ್ಲವ್ವ.” ಚೆಲ್ಲಬೇಕಿಲ್ಲ. ಎದೆಯೊಳಗಿನ ಹಾಲು ಹಳಸುವುದಿಲ್ಲ. ಆದರೆ ಹಗಲೆಲ್ಲ ಹಿಂಡದೆ ಬಿಟ್ಟರೆ ಎದೆ ಬಿಗಿಯುತ್ತದೆ, ದಿನಗಳೆದಂತೆ ಹಾಲೂ ಕಡಿಮೆಯಾಗುತ್ತದೆ.

ಹಿಂಡಿದ ಹಾಲು 25 ಡಿಗ್ರಿವರೆಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್‌ನಲ್ಲಿ 4 ದಿನ ಕೆಡದೆ ಇರುತ್ತದೆ. (ನಮ್ಮ ಏಪ್ರಿಲ್‌ನಲ್ಲಿ 25 ಡಿಗ್ರಿ ಎಲ್ಲಿ ಬಂತು? ಐಸ್ ಜೊತೆಗಿಡಿ.)

ಕೂಸಿಗೆ 15 ತಿಂಗಳಾಗುವವರೆಗೆ ದಿನಕ್ಕೆ 2 ಹಾಲೂಡಿಸುವ ಬಿಡುವು ಸಾಮಾಜಿಕ ಭದ್ರತಾ ಸಂಹಿತೆಯಲ್ಲಿದೆ. 50 ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರವೂ ಕಡ್ಡಾಯ. ಕೂಸು ಸುಮಾರು 20 ಕಿಲೋಮೀಟರ್ ಆಚೆ ಇದ್ದರೆ? ಆಗ ಬೇಕಾದದ್ದು ಚಿಲಕವಿರುವ ಒಂದು ಕೋಣೆ. ಆ ಸಂಹಿತೆಯಲ್ಲಿ ಅದರ ಮಾತಿಲ್ಲ. ಶೌಚಾಲಯದಲ್ಲಿ ಹಿಂಡು ಎನ್ನುವುದು ಸೌಲಭ್ಯವಲ್ಲ.