ಪೆಟ್ಟಿಗೆ ಒಂದೇ ಆದರೆ ಪ್ರತಿಯೂ ಒಂದೇ

ಕಳೆದ ಮಹಾಸಭೆಯಲ್ಲಿ ನಮ್ಮ ವಾಚನಾಲಯದ ಹಳೆಯ ಕಡತಗಳ ವಿಷಯ ಬಂತು. ಕೈಬರಹದ ಪತ್ರಿಕೆಗಳು, ಸದಸ್ಯರ ರಿಜಿಸ್ಟರ್, ನಡಾವಳಿ ಪುಸ್ತಕ ಎಲ್ಲವನ್ನೂ ಸ್ಕ್ಯಾನ್ ಮಾಡಿ ಹೊಸತಾಗಿ ತಂದ ಎರಡು ಡಿಸ್ಕಿನ ಪೆಟ್ಟಿಗೆಯಲ್ಲಿ ಇಡುವುದು, ಕಾಗದವನ್ನು ಗುಜರಿಗೆ ಕೊಡುವುದು ಎಂದು ಸಲಹೆ. "ಒಂದು ಡಿಸ್ಕ್ ಹಾಳಾದರೂ ಇನ್ನೊಂದು ಉಂಟಲ್ಲ, ಮತ್ತೆಂತ ಹೆದರಿಕೆ?" ಎಂದರು ಒಬ್ಬರು. ಚಪ್ಪಾಳೆಯೂ ಬಿತ್ತು. ನಾನು ಎದ್ದು ಬೇಡ ಎಂದೆ. ತೋಟಕ್ಕೆ ಮರಳಿದ ಮೇಲೆ ಇವನಿಗೆ ಕಂಪ್ಯೂಟರೇ ಆಗುವುದಿಲ್ಲ ಎಂದು ನಕ್ಕವರಿದ್ದಾರೆ. ಅಲ್ಲಿ ವಿವರಿಸಲು ಹೊತ್ತು ಸಾಲಲಿಲ್ಲ. ಇಲ್ಲಿ ಹೇಳುತ್ತೇನೆ.

ನಾನು ಹದಿನಾಲ್ಕು ವರ್ಷ ಬೆಂಗಳೂರಿನ ಒಂದು ಕಂಪೆನಿಯಲ್ಲಿ ದತ್ತಾಂಶ ಇಡುವ ಯಂತ್ರಗಳನ್ನು ನೋಡಿಕೊಂಡವ. ಸ್ಕ್ಯಾನ್ ಮಾಡುವುದಕ್ಕೆ ಮೊದಲ ಮತ ನನ್ನದೇ. 'ಇಷ್ಟಾದರೆ ಸಾಕು' ಎಂಬ ಮಾತಿಗೆ ಮಾತ್ರ ನನ್ನ ತಕರಾರು.

ಎರಡು ಡಿಸ್ಕಿನ ಈ ಏರ್ಪಾಡಿಗೆ ರೇಡ್ ಎಂದು ಹೆಸರು. ಪೊಲೀಸರ ರೇಡ್ ಅಲ್ಲ! 1988ರಲ್ಲಿ ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಸ್ ಎಂಬ ಮೂವರು ಪ್ರಬಂಧ ಬರೆದು ಈ ಹೆಸರು ಕೊಟ್ಟರು. ಅಗ್ಗದ ಹಲವು ಡಿಸ್ಕ್‌ಗಳನ್ನು ಜೋಡಿಸಿ, ಒಂದು ಕೆಟ್ಟರೂ ಕೆಲಸ ನಿಲ್ಲದಂತೆ ಮಾಡುವುದು ಅದರ ಉದ್ದೇಶ. ಒಂದು ಬಗೆಯಲ್ಲಿ ಎರಡು ಡಿಸ್ಕಿಗೂ ಒಂದೇ ಬರಹ ಬೀಳುತ್ತದೆ, ಕನ್ನಡಿಯ ಹಾಗೆ. ಇನ್ನೊಂದು ಬಗೆಯನ್ನು ಮಾಸ್ತರರು ಮಕ್ಕಳಿಗೆ ಲೆಕ್ಕವಾಗಿಯೇ ಕೊಡಬಹುದು. ಮೊದಲ ಡಿಸ್ಕಿನಲ್ಲಿ 7, ಎರಡನೆಯದರಲ್ಲಿ 5, ಮೂರನೆಯದರಲ್ಲಿ ಅವುಗಳ ಮೊತ್ತ 12. ಐದು ಹೋಯಿತೆನ್ನಿ, ಹನ್ನೆರಡರಲ್ಲಿ ಏಳು ಕಳೆದರೆ ಅದು ಮರಳಿ ಸಿಕ್ಕಿತು. ಎರಡು ಒಟ್ಟಿಗೆ ಹೋದರೆ ಯಾವ ಗಣಿತವೂ ಕಾಯುವುದಿಲ್ಲ. ಯಂತ್ರದೊಳಗೆ ಕೂಡಿಸುವ ಕ್ರಮ ಬೇರೆ, ತತ್ವ ಇದೇ.

ಒಳ್ಳೆಯ ಉಪಾಯವೇ. ಆದರೆ ಅದು ಕಾಯುವುದು ಡಿಸ್ಕನ್ನು, ಬರಹವನ್ನಲ್ಲ. ನಮ್ಮ ಕಂಪೆನಿಯಲ್ಲಿ ಒಂದು ರಾತ್ರಿ ನನ್ನ ಜೊತೆಯವನೊಬ್ಬ ನಿದ್ದೆಗಣ್ಣಿನಲ್ಲಿ ಅಳಿಸಬಾರದ ಫೋಲ್ಡರನ್ನು ಅಳಿಸಿದ. ಕನ್ನಡಿ ಎಷ್ಟು ನಿಷ್ಠೆಯಿಂದ ಬರೆದುಕೊಂಡಿತ್ತೋ ಅಷ್ಟೇ ನಿಷ್ಠೆಯಿಂದ ಅದೂ ಅಳಿಸಿತು. ಒಂದು ಕ್ಷಣದ ಅಂತರವೂ ಇರಲಿಲ್ಲ. ನಾವಿಬ್ಬರೂ ಪರದೆ ನೋಡುತ್ತಾ ಕುಳಿತೆವು. ಬೇರೆ ಕಟ್ಟಡದಲ್ಲಿ ಟೇಪಿನ ಪ್ರತಿ ಇದ್ದ ಕಾರಣ ಬೆಳಗಾಗುವಾಗ ಜೀವ ಬಂತು. ವೈರಸ್ ಹೊಕ್ಕರೂ ಹೀಗೆಯೇ, ಎರಡೂ ಡಿಸ್ಕ್ ಒಟ್ಟಿಗೆ ಕೆಡುತ್ತವೆ. ಸಿಡಿಲಿನ ವಿಷಯ ನಮ್ಮೂರಿನವರಿಗೆ ನಾನು ಹೇಳಬೇಕೇ? ತುಲಾ ತಿಂಗಳಲ್ಲಿ ಎಷ್ಟು ಮನೆಯ ಟಿ.ವಿ., ಮೋಡೆಮ್ ಸುಡುವುದಿಲ್ಲ! ಒಂದೇ ಪ್ಲಗ್ಗಿಗೆ ಚುಚ್ಚಿದ ಪೆಟ್ಟಿಗೆಯಲ್ಲಿ ಎರಡಲ್ಲ, ಹತ್ತು ಡಿಸ್ಕ್ ಇದ್ದರೂ ಸಿಡಿಲಿಗೆ ಎಲ್ಲ ಒಂದೇ.

"ದೊಡ್ಡವರು ಹೀಗೆ ಮಾಡುವುದಿಲ್ಲವೇ?" ಎಂದು ಕೇಳಿದರು. ದೊಡ್ಡವರ ಕತೆ ಕೇಳಿ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಕಂಪೆನಿಯಲ್ಲಿ ಒಬ್ಬ ನೌಕರ ಬೇರೆ ಸರ್ವರ್ ಎಂದುಕೊಂಡು ಮುಖ್ಯ ಸರ್ವರಿನದನ್ನೇ ಅಳಿಸಿದ. ಸುಮಾರು 300 ಗಿಗಾಬೈಟ್‌ನಲ್ಲಿ ಉಳಿದದ್ದು ನಾಲ್ಕೂವರೆ. ಪ್ರತಿ ತೆಗೆಯಲು ಅವರಲ್ಲಿ ಹಲವು ಏರ್ಪಾಡು ಇದ್ದವು. ಹೊತ್ತಿಗೆ ನೆಚ್ಚುವಂಥದ್ದು ಒಂದೂ ಇರಲಿಲ್ಲ. ಯಾವುದೋ ಪರೀಕ್ಷೆಗೆಂದು ಆರು ಗಂಟೆ ಮೊದಲು ತೆಗೆದಿಟ್ಟ ನಕಲು ಅವರನ್ನು ಉಳಿಸಿತು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪೆನಿಯ ಡೇಟಾ ಸೆಂಟರ್ ಉರಿಯಿತು. ಬ್ಯಾಕಪ್ಪನ್ನೂ ಅದೇ ಜಾಗದಲ್ಲಿ ಇಟ್ಟವರಿಗೆ ಎರಡೂ ಬೂದಿ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯದ ದೇಜೋನ್‌ನಲ್ಲಿ ಸರಕಾರದ ಡೇಟಾ ಸೆಂಟರಿಗೆ ಬ್ಯಾಟರಿಯಿಂದ ಬೆಂಕಿ ಬಿತ್ತು. ಸರಕಾರಿ ನೌಕರರು ಕಡತ ಇಡುತ್ತಿದ್ದ 858 ಟೆರಾಬೈಟ್ ಹೋಯಿತು. ಹೊರಗೆ ಪ್ರತಿ ಇರಲಿಲ್ಲ. ಗಾತ್ರ ಬಹಳ ದೊಡ್ಡದು, ಅದಕ್ಕೇ ಬ್ಯಾಕಪ್ ಇಲ್ಲ ಎಂದರು. ನೋಡಿ, ಸಮಜಾಯಿಷಿ ಹೇಳುವುದರಲ್ಲಿ ದೊಡ್ಡವರೂ ನಮ್ಮ ಹಾಗೆಯೇ!

"ಹಾಗಾದರೆ ಕ್ಲೌಡಿಗೆ ಹಾಕಿದರಾಯ್ತು" ಎನ್ನುವವರಿಗೆ ಎರಡು ಮಾತು. ಕ್ಲೌಡ್ ಮೋಡವಲ್ಲ, ಇನ್ನೊಬ್ಬರ ಕಟ್ಟಡದಲ್ಲಿರುವ ಡಿಸ್ಕ್. ಮೊಬೈಲಿನಲ್ಲಿ ಅಳಿಸಿದ ಫೋಟೋ ಅಲ್ಲಿಯೂ ಮಾಯವಾದ ಅನುಭವ ನಿಮಗೆ ಇರಬಹುದು. ಅದೂ ಕನ್ನಡಿಯೇ. ಮತ್ತೆ ದಾರಿಯ ಪ್ರಶ್ನೆ. ನೆಟ್‌ನವರು 100 ಎಂಬಿ ಸ್ಪೀಡ್ ಎನ್ನುವುದು ಮೆಗಾಬಿಟ್. ಎಂಟು ಬಿಟ್‌ಗೆ ಒಂದು ಬೈಟ್. ಹಾಗಾಗಿ ಸೆಕೆಂಡಿಗೆ ಬರುವುದು ಹನ್ನೆರಡೂವರೆ ಮೆಗಾಬೈಟ್. ಮೇಲಕ್ಕೆ ಕಳಿಸುವ ವೇಗ ಎಷ್ಟೋ ಕಡೆ ಇನ್ನೂ ಕಡಿಮೆ. ಅದು 10 ಮೆಗಾಬಿಟ್ ಇದ್ದರೆ ಒಂದು ಟೆರಾಬೈಟ್ ಕಳಿಸಲು ಒಂಬತ್ತು ದಿನಕ್ಕೂ ಮಿಕ್ಕಿ ಬೇಕು, ಅದೂ ಕರೆಂಟ್ ಹೋಗದಿದ್ದರೆ. ನಮ್ಮ ಮಳೆಗಾಲದಲ್ಲಿ! ಕ್ಲೌಡ್ ಬೇಡ ಎನ್ನುವುದಿಲ್ಲ, ಅದೊಂದೇ ಸಾಲದು. ಪಾಸ್‌ವರ್ಡ್ ಒಬ್ಬನ ತಲೆಯಲ್ಲಿ ಮಾತ್ರ ಇದ್ದರಂತೂ ಇದ್ದೂ ಇಲ್ಲದ ಹಾಗೆ.

ಏನು ಮಾಡಬೇಕು? ಈ ಕಸುಬಿನಲ್ಲಿ ಹಳೆಯ ನಿಯಮವೊಂದುಂಟು: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ. ಒಂದು ಪ್ರತಿ ವಾಚನಾಲಯದ ಪೆಟ್ಟಿಗೆಯಲ್ಲಿ ಇರಲಿ. ಇನ್ನೊಂದನ್ನು ತಿಂಗಳಿಗೊಮ್ಮೆ ಬೇರೆ ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ವಯರ್ ಕಳಚಿ, ಶಾಲೆಯ ಕಪಾಟಿನಲ್ಲಿ ಬೀಗ ಹಾಕಿ. ವಯರೇ ಇಲ್ಲದ ಡಿಸ್ಕಿಗೆ ವೈರಸ್ ತಾಗದು. ಮೂರನೆಯದು ಕ್ಲೌಡಿನಲ್ಲಿರಲಿ, ಪಾಸ್‌ವರ್ಡ್ ಮೂವರಿಗೆ ಗೊತ್ತಿರಲಿ. ಎಲ್ಲಕ್ಕಿಂತ ಮುಖ್ಯ, ವರ್ಷಕ್ಕೊಮ್ಮೆ ಆ ಪ್ರತಿಯಿಂದ ಹತ್ತು ಕಡತ ಮರಳಿ ತೆಗೆದು ಓದಿ ನೋಡಬೇಕು. ತೆರೆದು ನೋಡದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ. ಗಿಟ್‌ಲ್ಯಾಬಿನವರು ಕಲಿತ ಪಾಠ ಅದು.

ಖರ್ಚಿನ ಮಾತು ಬರುತ್ತದೆ, ಗೊತ್ತು. ವಾರ್ಷಿಕೋತ್ಸವದ ಶಾಮಿಯಾನಕ್ಕೂ ಮೈಕಿಗೂ ದುಡ್ಡು ಹೊಂದಿಸುವ ನಮಗೆ ಒಂದು ಹಾರ್ಡ್ ಡಿಸ್ಕ್ ಭಾರವೇ?

ಕಾಗದವನ್ನು ಮಾತ್ರ ಮುಟ್ಟಬೇಡಿ. ಕಾಗದಕ್ಕೆ ಗೆದ್ದಲು ಬರುತ್ತದೆ, ನಿಜ. ಆದರೆ ಗೆದ್ದಲು ಒಂದೇ ಗಳಿಗೆಯಲ್ಲಿ ಇಡೀ ಕಪಾಟು ತಿನ್ನುವುದಿಲ್ಲ, ಕಣ್ಣಿಗೆ ಕಾಣುವಂತೆ ತಿನ್ನುತ್ತದೆ. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿದ ಮೇಲೂ ಈ ಕೋಣೆಯಲ್ಲಿ ಕನ್ನಡದಲ್ಲೇ ಸಭೆ ನಡೆಯಿತು, ಲೆಕ್ಕ ಬರೆದರು, ಮಕ್ಕಳು ಕತೆ ಬರೆದರು ಎನ್ನುವುದಕ್ಕೆ ಆ ಪುಸ್ತಕಗಳೇ ಸಾಕ್ಷಿ. ಅವುಗಳಲ್ಲಿ ನಿಮ್ಮ ಅಜ್ಜನ ಸಹಿ ಉಂಟು, ನನ್ನ ಅಜ್ಜನ ಹೆಬ್ಬೆಟ್ಟು ಉಂಟು. ಮುಂದಿನ ಸಭೆಗೆ ಗುಜರಿಯ ಪ್ರಸ್ತಾಪ ಮತ್ತೆ ಬರುತ್ತದಂತೆ. ಕೈ ಎತ್ತುವ ಮೊದಲು ಒಂದೇ ಪ್ರಶ್ನೆ ಕೇಳಿ: ಈ ಪೆಟ್ಟಿಗೆ ನಾಳೆ ಸುಟ್ಟುಹೋದರೆ ನಮ್ಮ ಕೈಯಲ್ಲಿ ಏನು ಉಳಿಯುತ್ತದೆ? ಸರಿಯಾದ ಉತ್ತರ ಬರುವ ತನಕ ನನ್ನದು ವಿರೋಧ ಮತವೇ.